ಹಿಂದಕ್ಕೆ ಹರಿದ ಹಳ್ಳ

ಹೊನ್ನಿಗೆ ಅಡಿಕೆ ಮರದ ಮೇಲೆ ಹೊಟ್ಟೆಕಿಚ್ಚು.

ಮನುಷ್ಯರ ಮೇಲಿನ ಹೊಟ್ಟೆಕಿಚ್ಚನ್ನು ಅವಳು ವಯಸ್ಸಿದ್ದಾಗಲೇ ಪಟ್ಟು ಮುಗಿಸಿದ್ದಳು. ಹೆಗಡೇರ ಮನೆಯವರು ಉಣ್ಣುತ್ತಾರೆ, ಉಡುತ್ತಾರೆ, ಕಾರು ಹತ್ತಿ ಶಿರಸಿಗೆ ಹೋಗಿ ಬರುತ್ತಾರೆ. ಹೋಗಲಿ. ಅವರು ಮನುಷ್ಯರು, ಅವರಿಗೆ ಬೇಕು. ಆದರೆ ಮರಕ್ಕೆ ಯಾಕೆ ಅಷ್ಟು? ಮಳೆ ಹಿಡಿಯುವ ಮುಂಚೆ ಒಂದೊಂದು ಅಡಿಕೆ ಗೊನೆಗೂ ಪ್ಲಾಸ್ಟಿಕ್ಕಿನ ಕೊಟ್ಟೆ ಕಟ್ಟುತ್ತಾರೆ, ಕೂಸಿಗೆ ಕುಲಾವಿ ಕಟ್ಟಿದ ಹಾಗೆ. ಕಾಯಿ ನೆನೆಯಬಾರದು, ಕೊಳೆರೋಗ ಬರಬಾರದು. ಬುಡಕ್ಕೆ ಸೊಪ್ಪು ಹಾಸಬೇಕು. ಆ ಸೊಪ್ಪಿಗೆ ಒಂದು ಬೆಟ್ಟವೇ ಬೇಕು. ಎಕರೆ ತೋಟಕ್ಕೆ ಇಷ್ಟು ಬೆಟ್ಟ ಎಂದು ಇಂಗ್ಲಿಷರ ಕಾಲದಲ್ಲೇ ಬರೆದು ಕೊಟ್ಟಿದ್ದಾರಂತೆ. ಸೊಪ್ಪಿನ ಬೆಟ್ಟ ಅಂತಲೇ ಅದರ ಹೆಸರು. ಮರ ಕಾಲು ಚಾಚಲು ಒಂದು ಗುಡ್ಡ. ಹೊನ್ನಿ ಕಾಲು ಚಾಚಲು ಕೂಡುಮೂಲೆ.

ಕೂಡುಮೂಲೆ ಅಂದರೆ ಹಳ್ಳ ಹೋಗಿ ಬೇಡ್ತಿ ಹೊಳೆಗೆ ಕೂಡುವ ಮೂಲೆ. ಶಿರಸಿ ತಾಲೂಕಿನ ಕೊನೆ ಅದು. ಹೊಳೆಯ ಆಚೆ ದಡ ಯಲ್ಲಾಪುರ. ಹಿಂದೆ ಹೊನ್ನಿಯ ಅತ್ತೆ ಮಾವ ಇದ್ದದ್ದು ಬೆಟ್ಟದ ಅಂಚಿನಲ್ಲಿ. ಇವರ ಆಡುಗಳು ಸೊಪ್ಪಿಗೆ ಬಾಯಿ ಹಾಕುತ್ತವೆ ಎಂದು ಈಗಿನ ಹೆಗಡೇರ ತಂದೆ ಕೇರಿಯನ್ನೇ ಎಬ್ಬಿಸಿ ಕೆಳಗೆ ಕಳಿಸಿದರು. ನೆರೆ ಬಂದು ಮರಳು ತುಂಬಿ, ಭತ್ತ ಬೆಳೆಯದೆ ಪಾಳು ಬಿಟ್ಟ ಗದ್ದೆ ಅದು. "ಹೊಳೆ ಹತ್ರ, ನೀರಿಗೆ ದೂರ ಹೋಗೂದು ಬೇಡ" ಎಂದಿದ್ದರು. ಹೊನ್ನಿ ಮದುವೆಯಾಗಿ ಬಂದ ವರ್ಷವೇ ಗುಡಿಸಲು ಕಿತ್ತದ್ದು. ಕಂಬ ಹೊತ್ತು ಬೆಟ್ಟ ಇಳಿದದ್ದು ಅವಳಿಗೆ ಇನ್ನೂ ನೆನಪಿದೆ. ಹೆಗಲಿನ ಚರ್ಮ ಸುಲಿದಿತ್ತು. ಮೈಮೇಲಿನ ಅರಿಸಿನ ಇನ್ನೂ ಹೋಗಿರಲಿಲ್ಲ.

ಗಂಡ ತಿಮ್ಮ ಆ ಮರಗಳನ್ನು ಹತ್ತಿದವನು. ನೆಲ ಮುಟ್ಟದೆ ಒಂದು ಮರದಿಂದ ಇನ್ನೊಂದಕ್ಕೆ ಜೀಕಿ ದಾಟುತ್ತಿದ್ದ. ಆ ಕೈಗಳ ಹಿಡಿತ ನೋಡಿ ಮಂಗಗಳೂ ನಾಚಬೇಕು ಎಂದು ಜನ ಹೇಳುತ್ತಿದ್ದರು. ಒಂದು ಜೂನಿನಲ್ಲಿ ಕೊಟ್ಟೆ ಕಟ್ಟುವಾಗ ಮರವೇ ಮುರಿಯಿತು. ಅಂದಿನಿಂದ ಸೊಂಟದ ಕೆಳಗೆ ಜೀವ ಇಲ್ಲ. ಬಿದ್ದವನನ್ನು ಕಂಬಳಿಯಲ್ಲಿ ಹಾಕಿ ಎತ್ತುವಾಗ ಹೊನ್ನಿ ಪಕ್ಕದ ಮರದ ಮೇಲೆ ನೋಡಿದಳು. ಅವನು ಕಟ್ಟಿದ ಕೊಟ್ಟೆ ಬಿಗಿಯಾಗಿಯೇ ಇತ್ತು. ಅವತ್ತು ಹತ್ತಿದ ಹೊಟ್ಟೆಕಿಚ್ಚು ಆಮೇಲೆ ಇಳಿಯಲಿಲ್ಲ.

ಈ ವರ್ಷ ಬೇಸಿಗೆ ಮುಗಿಯುವಾಗ ಅವಳು ವಿಘ್ನೇಶ್ವರ ಹೆಗಡೇರ ಅಂಗಳಕ್ಕೆ ಹೋಗಿ ಹಳೆಯ ತಾಡಪಾಲು ಕೇಳಿದ್ದಳು. ಮಾಡು ಸೋರುತ್ತಿತ್ತು, ತಿಮ್ಮನ ಮಂಚದ ಮೇಲೇ ಬೀಳುತ್ತಿತ್ತು. "ಅದು ಅಡಿಕೆ ಹರವೂಕೆ ಬೇಕು ಮಾರಾಯ್ತಿ" ಎಂದರು ಹೆಗಡೇರು. ಬೈಯಲಿಲ್ಲ. ನಗುತ್ತಲೇ ಹೇಳಿದರು. ಅವಳೂ ನಕ್ಕು ಬಂದಳು.

ಆಷಾಢ ಹಿಡಿದ ಮೇಲೆ ಮಳೆ ಬಿಡಲಿಲ್ಲ. ನೆಲ ಕುಡಿದು ಕುಡಿದು ಸಾಕಾಗಿ, ಕುಡಿದದ್ದನ್ನು ಕಾರತೊಡಗಿತ್ತು. ಒಲೆಯ ಬುಡದಲ್ಲೇ ಒರತೆ ಎದ್ದಿತ್ತು. ಅಂಥದರಲ್ಲಿ ಒಂದು ಬೆಳಿಗ್ಗೆ ಗೋದಾಮಿನ ಕಡೆಯಿಂದ ಹೆಗಡೇರ ಕೂ ಕೇಳಿಸಿತು.

ಈ ಕಡೆಯವರಿಗೆ ಕೂ ಹಾಕುವುದು ಮಾತಾಡಿದಷ್ಟೇ ಸಹಜ. ಗುಡ್ಡ ಅಡ್ಡ, ಕಾಡು ಅಡ್ಡ. ಹೆಸರು ಹಿಡಿದು ಕರೆದರೆ ಅದು ಮರಗಳಲ್ಲೇ ಸಿಕ್ಕಿಕೊಳ್ಳುತ್ತದೆ. ಕೂ ದಾಟುತ್ತದೆ. ಇತ್ತ ಒಂದು ಕೂ ಹಾಕಿದರೆ ಅತ್ತಲಿಂದ ಒಂದು ಕೂ ಬರಬೇಕು. ಬಂದರೆ, ಇದ್ದಾರೆ, ಕೇಳಿಸಿತು, ಬರುತ್ತಾರೆ ಎಂದು ಅರ್ಥ. ಕಾಲು ಹೋದ ಮೇಲೆ ತಿಮ್ಮನಿಗೆ ಇಡೀ ದಿನ ಕೂ ಒಂದೇ ಕೆಲಸ. ನೀರು ಬೇಕಾದರೆ ಕೂ, ಮಗ್ಗುಲು ಬದಲಿಸಬೇಕಾದರೆ ಕೂ, ಬೇಜಾರಾದರೂ ಕೂ. ಹೊನ್ನಿ ಎಲ್ಲಿದ್ದರೂ ಅಲ್ಲಿಂದಲೇ ಒಂದು ಕೂ ಕೊಟ್ಟು, ಕೈಯಲ್ಲಿದ್ದ ಕೆಲಸ ಮುಗಿಸಿ ಬರುತ್ತಿದ್ದಳು. "ಕೋಗಿಲೆ ಜೋಡಿ" ಎಂದು ಕೇರಿಯವರು ನಗುತ್ತಿದ್ದರು.

"ಎಲ್ಲಿಗೆ ಹೊಂಟೆ?" ತಿಮ್ಮ ಮಂಚದ ಮೇಲಿಂದ ಕೇಳಿದ.

"ಚಾಲಿ ಅಡಿಕೆ ಹೊರೂದಂತೆ. ಗೋದಾಮಿಂದ ಬೆಟ್ಟದ ಶೆಡ್ಡಿಗೆ."

"ಈ ಮಳೇಲಿ?"

"ಮಳೆ ಅಂತಲೇ ಹೊರೂದು. ಚೀಲ ನೆಂದ್ರೆ ಅಡಿಕೆಗೆ ಬೂಸ್ಟು ಬತ್ತದೆ."

"ನೀ ನೆಂದ್ರೆ?"

"ನಂಗೆ ಬೂಸ್ಟು ಹಿಡಿದು ಯಾವ ಕಾಲ ಆತು!"

ತಿಮ್ಮ ನಕ್ಕ. ಅವಳು ಗಂಜಿಯ ತಪ್ಪಲೆಯನ್ನು ಅವನ ಕೈಗೆ ಎಟಕುವಂತೆ ಇಟ್ಟಳು. ಗೊಬ್ಬರದ ಚೀಲದ ಕೊಪ್ಪೆಯನ್ನು ತಲೆಗೆ ಹಾಕಿಕೊಂಡು ಹೊರಟಳು.

ಅಡಿಕೆಯ ಗೋದಾಮು ಇರುವುದು ಹಳ್ಳದ ಪಕ್ಕ, ರಸ್ತೆಯ ಬುಡದಲ್ಲಿ. ಲಾರಿ ಅಲ್ಲಿಗೆ ಬರುತ್ತದೆ. ಕೂಡುಮೂಲೆಗಿಂತ ಸ್ವಲ್ಪ ಮೇಲಿನ ಜಾಗ. ನಡುವೆ ಹಳ್ಳದ ಒಂದು ತಿರುವು, ಬಿದಿರಿನ ಹಿಂಡು. ಹಾಗಾಗಿ ಕೇರಿ ಕಾಣುವುದಿಲ್ಲ, ಕೇಳಿಸುತ್ತದೆ. ಹೊನ್ನಿ ಹೋದಾಗ ಕೇರಿಯ ಆಳುಗಳೆಲ್ಲ ಬಂದು ನಿಂತಿದ್ದರು. ಪಕ್ಕದ ಮನೆಯ ಗಣಪನೂ ಇದ್ದ. ಹೆಂಗಸರಿಗೆ ಅರ್ಧ ಚೀಲ, ಗಂಡಸರಿಗೆ ಪೂರ್ತಿ. ಹೆಗಡೇರು ರೇನ್‌ಕೋಟು ಹಾಕಿ ಬಾಗಿಲಲ್ಲಿ ನಿಂತಿದ್ದರು. ಅವರ ಹೆಂಡತಿ ಪರಿಮಳಮ್ಮ ಕೊಡೆ ಹಿಡಿದು ಫೋನು ನೋಡುತ್ತಿದ್ದರು.

ಹೊನ್ನಿ ಸಿಂಬೆ ಸುತ್ತಿ ತಲೆ ಒಡ್ಡಿದಳು. ಗಣಪ ಚೀಲ ಏರಿಸಿದ. ಕುತ್ತಿಗೆಯ ನರ ಚುಳ್ ಎಂದಿತು. ಗೋದಾಮಿನಿಂದ ಶೆಡ್ಡಿಗೆ ಹೋಗುವುದು ಕಡಿದಾದ ದಾರಿ. ಕೆಂಪು ಮಣ್ಣು ಬೆಣ್ಣೆಯ ಹಾಗೆ ಜಾರುತ್ತಿತ್ತು. ಹೆಬ್ಬೆರಳನ್ನು ನೆಲಕ್ಕೆ ಊರಿ ಊರಿ ಹತ್ತಬೇಕು. ಕೈ ಎರಡೂ ಮೇಲೆ. ಮಳೆ ಕಣ್ಣಿಗೆ ಬಡಿದರೆ ಒರೆಸಿಕೊಳ್ಳಲು ಕೈ ಇಲ್ಲ.

ಬೆಟ್ಟದ ಶೆಡ್ಡು ಒಣ ಎಲೆ ತುಂಬಿಡಲು ಕಟ್ಟಿದ್ದು. ತಗಡಿನ ಮಾಡು, ಕಲ್ಲಿನ ಗೋಡೆ. ನೆಲಕ್ಕೆ ಹಲಗೆ ಹಾಸಿದ್ದರು. ಚೀಲಕ್ಕೆ ನೆಲದ ಥಂಡಿ ತಾಗಬಾರದಲ್ಲ. ಹೊತ್ತು ತಂದ ಚೀಲಗಳನ್ನು ಹಲಗೆಯ ಮೇಲೆ ಒತ್ತಾಗಿ ಕೂರಿಸಿ, ಮೇಲೆ ತಾಡಪಾಲು ಹೊದಿಸುತ್ತಿದ್ದರು. ಹೊನ್ನಿ ನೋಡಿದಳು. ತಾನು ಕೇಳಿದ್ದ ಅದೇ ಹಳೆಯ ತಾಡಪಾಲು. ಅದರ ಮೇಲೆ ಹೊಸದು ಇನ್ನೊಂದು. ಚೀಲಗಳು ಬೆಚ್ಚಗೆ ಕೂತಿದ್ದವು. ಛೇ, ಚೀಲದ ಮೇಲೂ ಹೊಟ್ಟೆಕಿಚ್ಚು ಪಡುವುದಾ ಎಂದು ತನ್ನನ್ನೇ ಬೈದುಕೊಂಡು ಇಳಿದಳು.

ಮತ್ತೆ ಹತ್ತಿದಳು. ಮತ್ತೆ ಇಳಿದಳು.

ಒಂದು ಸಲ ಇಳಿದು ಬರುವಾಗ ಗಂಡ ಹೆಂಡತಿ ಮಾತಾಡಿಕೊಳ್ಳುತ್ತಿದ್ದರು. ಪರಿಮಳಮ್ಮ ಫೋನನ್ನು ಗಂಡನ ಮುಖದ ಹತ್ತಿರ ಹಿಡಿದಿದ್ದರು.

"ಮೂರು ತಾಲೂಕಿಗೂ ಕೆಂಪು ಗುರ್ತು ಹಾಕಿದ್ದ ನೋಡಿ. ಸಮುದ್ರದಲ್ಲಿ ಗಾಳಿ ಸುತ್ತುತಾ ಇದ್ದಡ. ಮತ್ತೆ ತಗ್ಗಿನ ಬದಿ..."

"ಸುಮ್ನಿರೇ" ಎಂದರು ಹೆಗಡೇರು. ಹೊನ್ನಿ ಹತ್ತಿರ ಬಂದಿದ್ದಳು.

"ಎಂತದಂತೆ ಅಮ್ಮ?" ಹೊನ್ನಿ ಕೇಳಿದಳು.

"ಎಂತೂ ಇಲ್ಲ. ಮಳೆ ಬತ್ತದೆ ಅಂತೆ. ಬೇಗ ಬೇಗ ಹೊರಿ" ಎಂದರು ಪರಿಮಳಮ್ಮ.

ಮಳೆ ಬರುತ್ತದೆ ಎಂದು ಮಳೆಯಲ್ಲಿ ನಿಂತು ಹೇಳುತ್ತಾರಲ್ಲ ಎಂದು ಹೊನ್ನಿಗೆ ನಗು ಬಂತು. ಸಮುದ್ರ ಅವಳು ಕಂಡದ್ದು ಒಂದೇ ಸಲ, ಗೋಕರ್ಣಕ್ಕೆ ಹೋದಾಗ. ಅಲ್ಲಿಯ ಗಾಳಿಗೂ ತನ್ನ ಒಲೆಗೂ ಏನು ಸಂಬಂಧ? ಅವಳು ಹಳ್ಳ ನೋಡಿದಳು. ಕೇರಿಯವರು ಯಾವಾಗಲೂ ನೋಡುವುದು ಹಳ್ಳದ ಮೇಲಿನ ಕಡೆ. ನೆರೆ ಬಂದರೆ ಮೇಲಿಂದ ಬರಬೇಕು. ನಡುವಿನ ದೊಡ್ಡ ಬಂಡೆ ಮುಳುಗಿದರೆ ಓಡಬೇಕು. ಅಷ್ಟೇ ಅವರ ಲೆಕ್ಕ. ಬಂಡೆಯ ನೆತ್ತಿ ಕಾಣುತ್ತಿತ್ತು. ಹಾಗಾದರೆ ಭಯ ಇಲ್ಲ.

ನಡುವೆ ಚಹ ಬಂತು. ಕಾಲ ಸುಧಾರಿಸಿದೆ. ಹಿಂದೆ ತೆಂಗಿನ ಗೆರಟೆಯಲ್ಲಿ ಕೊಡುತ್ತಿದ್ದರು, ಈಗ ಕುಡಿದು ಬಿಸಾಡುವ ಕಾಗದದ ಲೋಟ. ತೊಳೆದು ಒಳಗಿಡುವ ಲೋಟಗಳು ಮಾತ್ರ ಇನ್ನೂ ಒಳಗೇ ಇವೆ.

ಚಹ ಕುಡಿಯುವಾಗ ಕೂಡುಮೂಲೆಯಿಂದ ಕೂ ಬಂತು. ತಿಮ್ಮನ ಕೂ.

"ಗಂಜಿ ಕೈಗೆ ಸಿಕ್ಲಿಲ್ಲ ಕಾಣ್ತದೆ" ಎಂದಳು ಹೊನ್ನಿ. "ಹೆಗಡೇರೇ, ಒಂದು ಗಳಿಗೆ ಹೋಗಿ ಬತ್ತೆ."

"ಇನ್ನೂ ಗೌರಿ ಹೋಗೂದು ಬಾಕಿ ಇದೆಯಲ್ಲೇ. ಅದು ಬೇರೆ ಯಾರ ಹತ್ರವೂ ಬರೂದಿಲ್ಲ."

ಕೂ ಮತ್ತೊಮ್ಮೆ ಬಂತು. ಉದ್ದವಾಗಿ.

"ಅಂವ ಕೂಗ್ತಾ ಅವನೆ" ಎಂದಳು.

ಹೆಗಡೇರು ನಕ್ಕರು. "ಕೂಗ್ಲಿ ಬಿಡೇ. ಕೂಗ್ತಾ ಇದ್ದಾನೆ ಅಂದ್ರೆ ಜೀವ ಇದೆ ಅಂತ ಅರ್ಥ."

ಎಲ್ಲರೂ ನಕ್ಕರು. ಗಣಪ ನಕ್ಕ. ಹೆಂಗಸರು ನಕ್ಕರು. ಹೊನ್ನಿಯೂ ನಕ್ಕಳು. ನಗದಿದ್ದರೆ ಚೆನ್ನಾಗಿರುವುದಿಲ್ಲವಲ್ಲ. ನಕ್ಕು, ಕಾಗದದ ಲೋಟ ಬಿಸಾಡಿ, ಎರಡೂ ಅಂಗೈ ಬಾಯಿಗೆ ಹಿಡಿದು ಒಂದು ಕೂ ಕೊಟ್ಟಳು. ಇದ್ದೇನೆ, ಕೇಳಿಸಿತು, ಬರುತ್ತೇನೆ.

ಆಮೇಲೆ ಗೌರಿಯ ಹಗ್ಗ ಹಿಡಿದಳು. ಗೌರಿ ಹೆಗಡೇರ ಕೆಂದು ದನ, ದಿನ ತುಂಬಿದ ಗಬ್ಬ. ಗೋದಾಮಿನ ಹಿಂದಿನ ಕೊಟ್ಟಿಗೆಯಲ್ಲಿ ಇರುತ್ತದೆ. ಅದಕ್ಕೆ ಹುಲ್ಲು ಹಾಕಿ, ಮೈ ಉಜ್ಜಿ, ಸಗಣಿ ಬಾಚಿ ಬೆಳೆಸಿದ್ದು ಹೊನ್ನಿಯೇ. ಕಾಲು ಜಾರೀತು ಎಂದು ದಾರಿಗೆ ಒಣ ಎಲೆ ಚೆಲ್ಲಿಸಿದರು ಹೆಗಡೇರು. ಬೆಳಗಿನಿಂದ ಅದೇ ದಾರಿಯಲ್ಲಿ ಹೆಂಗಸರು ಜಾರಿ ಮಂಡಿ ಒಡೆದುಕೊಂಡಿದ್ದರು. ಎಲೆ ಬಿದ್ದದ್ದು ಗೌರಿಗೆ. ಹೊನ್ನಿ ಅದರ ಪಕ್ಕದಲ್ಲಿ, ಎಲೆ ಇಲ್ಲದ ಅಂಚಿನಲ್ಲಿ ನಡೆದಳು.

"ನಿಂಗೆ ಎಷ್ಟು ಜನ ಇದಾರೇ" ಎಂದು ದನದ ಕಿವಿಯಲ್ಲಿ ಹೇಳಿದಳು. "ನೀ ಒಂದು ಸಲ ಅಂಬಾ ಅಂದ್ರೆ ಮನೆ ಮಂದಿ ಎಲ್ಲ ಹೊರಗೆ ಬತ್ತಾರೆ."

ಹತ್ತುವಾಗ ಮತ್ತೆ ತಿಮ್ಮನ ಕೂ ಕೇಳಿಸಿತು. ತೆಳ್ಳಗೆ. ಕೈಯಲ್ಲಿ ಹಗ್ಗ ಇತ್ತು. ಹಾಗೆಯೇ ಮುಖ ತಿರುಗಿಸಿ ಕೂ ಕೊಟ್ಟಳು.

ಆಮೇಲೆ ಕೂ ಬರಲಿಲ್ಲ. ನಿದ್ದೆ ಮಾಡಿರಬೇಕು ಎಂದುಕೊಂಡಳು.

ಗೌರಿಯನ್ನು ಒಣ ಎಲೆಯ ಮೇಲೆ ಕಟ್ಟಿ, ಹುಲ್ಲು ಹಾಕಿ, ಇಳಿದು ಬರುವಾಗ ರಸ್ತೆಯಿಂದ ಪಾರ್ವತವ್ವನ ಬೊಬ್ಬೆ ಕೇಳಿಸಿತು. ಪಾರ್ವತವ್ವ ಹಾವೇರಿ ಕಡೆಯಿಂದ ಬಂದು ಸೇತುವೆಯ ಹತ್ತಿರ ಚಹದಂಗಡಿ ಇಟ್ಟವಳು. ಅವಳ ಅಂಗಡಿಯಿಂದ ಹೊಳೆ, ಹಳ್ಳ, ಕೇರಿ ಮೂರೂ ಕಾಣುತ್ತವೆ.

"ಏ ಹೊನ್ನವ್ವಾ! ಹಳ್ಳ ಹೊಳ್ಳಿ ಬರಾಕತ್ತೈತಿ! ನೀರು ಹಿಂದಕ್ಕ ಏರಾಕತ್ತೈತಿ! ಕೇರಿ ಮುಳುಗೇತಿ ಎವ್ವಾ!"

ಹಳ್ಳ ಹಿಂದಕ್ಕೆ ಬರುವುದೆಂದರೇನು? ಹೊನ್ನಿ ನಿಂತಲ್ಲೇ ಮೇಲಿನ ಕಡೆ ನೋಡಿದಳು. ಬಂಡೆಯ ನೆತ್ತಿ ಇನ್ನೂ ಇತ್ತು. ಆಮೇಲೆ ತಿರುವಿನ ಕಡೆ ನೋಡಿದಳು. ನೀರು ನೊರೆ ಇಲ್ಲದೆ, ಸದ್ದು ಇಲ್ಲದೆ, ಕಸ ಕಡ್ಡಿ ಹೊತ್ತುಕೊಂಡು ತನ್ನ ಕಡೆಗೇ ಬರುತ್ತಿತ್ತು. ಬಿದಿರಿನ ಹಿಂಡು ಸೊಂಟದವರೆಗೆ ಮುಳುಗಿತ್ತು. ಕಸದ ನಡುವೆ ಒಂದು ತಪ್ಪಲೆ ತೇಲುತ್ತ ಬಂತು. ಅವಳ ಗಂಜಿಯ ತಪ್ಪಲೆ.

ಅದು ಹೇಗಾಯಿತೆಂದು ಅವಳು ಆಮೇಲೆ ತಿಳಿದುಕೊಂಡಳು. ಬೇರೆ ಮಳೆಯಾದರೆ ಇಲ್ಲಿ ಬಿದ್ದಾಗ ಅಲ್ಲಿ ಬಿಟ್ಟಿರುತ್ತದೆ. ಹಳ್ಳ ತುಂಬಿದರೂ ಹೊಳೆ ಅದನ್ನು ನುಂಗಿಕೊಂಡು ಹೋಗುತ್ತದೆ. ಈ ಸಲದ್ದು ಸಮುದ್ರದ ಮೇಲೆ ಎದ್ದ ದೊಡ್ಡ ಸುತ್ತು. ಸಿದ್ದಾಪುರದಿಂದ ಯಲ್ಲಾಪುರದ ಆಚೆಯವರೆಗೆ ಒಂದೇ ಮೋಡ ಕವುಚಿ ಕೂತಿತ್ತು. ಎಲ್ಲ ಹಳ್ಳಗಳೂ ಒಂದೇ ಹೊತ್ತಿಗೆ ಹೊಳೆಗೆ ಬಿದ್ದವು. ಹೊಳೆ ತುಂಬಿ, ಇನ್ನು ಜಾಗ ಇಲ್ಲ ಎಂದಿತು. ಜಾಗ ಸಿಗದ ನೀರು ತಿರುಗಿ ಬಂದು ತಗ್ಗಿನಲ್ಲಿ ಕೂತಿತು. ಜಾಗ ಸಿಗದವರು ಆಗಲೇ ಕೂತಿದ್ದ ತಗ್ಗು ಅದು.

ಅವಳು ಓಡಿದಳು. ಗಣಪ ಓಡಿದ. ತಿರುವಿನಲ್ಲಿ ನೀರು ಎದೆಗೆ ಬಂತು. ಮುಂದೆ ಆಳ. ಗಣಪ ತಿರುಗಿ ಗೋದಾಮಿಗೆ ಓಡಿ ಅಡಿಕೆ ಬೇಯಿಸುವ ದೊಡ್ಡ ಹಂಡೆಯನ್ನು ಉರುಳಿಸಿಕೊಂಡು ಬಂದ.

"ಏ ಗಣಪ, ಹಂಡೆ ಎಲ್ಲಿಗೋ!" ಹಿಂದಿನಿಂದ ಹೆಗಡೇರು ಕೂಗಿದರು.

ಗಣಪ ಉತ್ತರ ಕೊಡಲಿಲ್ಲ. ಹಂಡೆಯನ್ನು ನೀರಿಗೆ ತಳ್ಳಿ, ಅದರಲ್ಲಿ ಕೂತು, ಬಿದಿರಿನ ಗಳ ಊರುತ್ತ ಹೋದ. ಹೊನ್ನಿ ಹಂಡೆಯ ಕಿವಿ ಹಿಡಿದು ಹಿಂದೆ ತೇಲುತ್ತ ಹೋದಳು. ಬಾಯಿಗೆ ಕೆಸರು ನೀರು ನುಗ್ಗುತ್ತಿತ್ತು. ಕೂ ಹಾಕಲು ಹೋದಳು. ಬರಲಿಲ್ಲ.

ಅವರ ಮನೆಯ ಮಾಡಷ್ಟೇ ಕಾಣುತ್ತಿತ್ತು. ಗಣಪ ಮಾಡಿನ ಸೋಗೆ ಕಿತ್ತ. ಒಳಗೆ ಕತ್ತಲೆ, ನೀರು. ನೀರಿನ ಮೇಲೆ ತಿಮ್ಮನ ಮುಖ. ಎರಡೂ ಕೈಯಿಂದ ತೊಲೆಯನ್ನು ತಬ್ಬಿ ಹಿಡಿದಿದ್ದ. ನೀರು ಗಲ್ಲಕ್ಕೆ ತಾಗುತ್ತಿತ್ತು. ಮಂಚದ ಮೇಲಿಂದ ಅವನನ್ನು ನೀರೇ ಎತ್ತಿತ್ತು. ತೊಲೆ ಸಿಕ್ಕಿತು, ಹಿಡಿದ. ಅಡಿಕೆ ಮರ ಹಿಡಿದು ಕಲಿತ ಹಿಡಿತ. ಗಣಪ ಬೆರಳು ಬಿಡಿಸಲು ನೋಡಿದ. ಬಿಡಲಿಲ್ಲ. ಹೊನ್ನಿ ಬೆರಳುಗಳನ್ನು ಒಂದೊಂದಾಗಿ ಕಚ್ಚಿ ಬಿಡಿಸಬೇಕಾಯಿತು.

ಹಂಡೆಯಲ್ಲಿ ಮಲಗಿಸಿದಾಗ ತಿಮ್ಮ ಮೆಲ್ಲಗೆ ಹೇಳಿದ, "ನೀ ಕೂ ಕೊಟ್ಯಲೇ. ಬತ್ತಿ ಅಂತ ಹಿಡ್ಕಂಡೇ ಇದ್ದೆ."

ಹೊನ್ನಿ ಹಂಡೆಯ ಕಿವಿ ಹಿಡಿದು ದಡದ ಕಡೆ ತಳ್ಳಿದಳು.

ಗಂಜಿ ಕೇಂದ್ರದ ಶಾಲೆಗೆ ಹೋಗುವ ರಸ್ತೆ ನೀರಿನಲ್ಲಿತ್ತು. ಗಣಪ ತಾಲೂಕು ಕಚೇರಿಗೆ ಫೋನು ಮಾಡಿದ. ಇದ್ದ ಒಂದೇ ದೋಣಿ ಸಿದ್ದಾಪುರ ಬದಿಗೆ ಹೋಗಿದೆ, ಜೀಪು ಯಲ್ಲಾಪುರ ಬದಿಯಲ್ಲಿ ಸಿಕ್ಕಿಹಾಕಿಕೊಂಡಿದೆ ಎಂದರು. ಸಣ್ಣ ನೆರೆಯಾದರೆ ನೆಂಟರು ಬರುತ್ತಾರೆ. ಈ ನೆರೆಯಲ್ಲಿ ನೆಂಟರೂ ನೀರಿನಲ್ಲೇ ಇದ್ದರು. ಕೇರಿಯಲ್ಲಿ ಉಳಿದಿದ್ದ ಮುದುಕರು, ಮಕ್ಕಳೆಲ್ಲ ರಸ್ತೆಯ ಏರಿಗೆ ಹತ್ತಿ ಜೀವ ಉಳಿಸಿಕೊಂಡಿದ್ದರು. ಆಡು, ಕೋಳಿ, ಪಾತ್ರೆ ಹೋಗಿದ್ದವು.

"ಎಲ್ಲಿಗೆ ಒಯ್ಯೂದು?" ಗಣಪ ಕೇಳಿದ.

"ಬೆಟ್ಟಕ್ಕೆ" ಎಂದಳು ಹೊನ್ನಿ.

ಗಣಪ ಹೊತ್ತ. ಬೆಳಗಿನಿಂದ ಚೀಲ ಹೊತ್ತ ಅದೇ ಬೆನ್ನು. ಈ ಸಲ ದಾರಿಯಲ್ಲಿ ಒಣ ಎಲೆ ಇತ್ತು. ಗೌರಿಗೆ ಹಾಸಿದ್ದು. ಹೊನ್ನಿ ಅದರ ಮೇಲೆಯೇ ಕಾಲಿಟ್ಟು ಹತ್ತಿದಳು.

ಶೆಡ್ಡಿನಲ್ಲಿ ಗೌರಿಯ ಪಕ್ಕ ಎಲೆಯ ಮೇಲೆ ತಿಮ್ಮನನ್ನು ಮಲಗಿಸಿದರು. ಹೊನ್ನಿ ಚೀಲಗಳ ಮೇಲಿನ ಹಳೆಯ ತಾಡಪಾಲನ್ನು ಎಳೆದು ಅವನಿಗೆ ಹೊದಿಸಿದಳು. ಅಷ್ಟರಲ್ಲಿ ಹೆಗಡೇರೂ ಪರಿಮಳಮ್ಮನೂ ಬಂದರು. ಪರಿಮಳಮ್ಮ ಕಂಬಳಿ ತಂದಿದ್ದರು. ಅವರ ಕಣ್ಣಲ್ಲಿ ನೀರಿತ್ತು.

"ಬೆಳಗ್ಗೆಯೇ ಫೋನಲ್ಲಿ ಬಂದಿತ್ತು ಮಾರಾಯ್ತಿ. ಹೊಳೆ, ಹಳ್ಳ ಕೂಡೋ ಬದಿ ತಗ್ಗಲ್ಲಿ ಯಾರೂ ಇರೂದು ಬೇಡ ಅಂತ. ನಾ ಇವರ ಹತ್ರ ಹೇಳಿದ್ದೆ..."

ಮಳೆ ತಗಡಿನ ಮೇಲೆ ಹೊಡೆಯುತ್ತಿತ್ತು.

"ಬೆಳಗ್ಗೆ?" ಹೊನ್ನಿ ಕೇಳಿದಳು. "ನಂಗೆ ಎಂತಕೆ ಹೇಳ್ಲಿಲ್ಲ ಹೆಗಡೇರೇ?"

"ಹೇಳಿದ್ರೆ ನೀವೆಲ್ಲ ಕೆಲಸ ಅಲ್ಲೇ ಬಿಟ್ಟು ಓಡ್ತಿದ್ರಿ" ಎಂದರು ಹೆಗಡೇರು. ಅವರಿಗೆ ಸುಳ್ಳು ಹೇಳುವ ಅಭ್ಯಾಸ ಇರಲಿಲ್ಲ. "ಮಧ್ಯಾಹ್ನದೊಳಗೆ ಮುಗೀತದೆ ಅಂದ್ಕಂಡಿದ್ದೆ. ನೀರು ಅಷ್ಟು ಬೇಗ ಬತ್ತದೆ ಅಂತ ಯಾರಿಗೆ ಗೊತ್ತಿತ್ತು?"

ಹೊನ್ನಿ ಚೀಲಗಳನ್ನು ನೋಡಿದಳು. ಗೌರಿಯನ್ನು ನೋಡಿದಳು. ಆ ಮಾತು ಅವಳದ್ದು. ಸಮುದ್ರದಿಂದ ಅಷ್ಟು ದೂರ ದಾಟಿ, ಕೂಡುಮೂಲೆಯವರಿಗೆಂದೇ ಬಂದ ಮಾತು. ಅದನ್ನು ಚೀಲಗಳು ಕೇಳಿಸಿಕೊಂಡು ಹಲಗೆಯ ಮೇಲೆ ಬಂದು ಕೂತವು. ದನ ಕೇಳಿಸಿಕೊಂಡು ಹುಲ್ಲು ತಿನ್ನುತ್ತಿದೆ. ಅವಳಿಗೆ ಮಾತ್ರ ಹೇಳಲಿಲ್ಲ. ಅವಳ ಕೈಯಿಂದಲೇ ಅವನ್ನೆಲ್ಲ ಹತ್ತಿಸಿದರು. ಜೀವಮಾನದಲ್ಲಿ ಎಷ್ಟೋ ಕಂಡು ಹೊಟ್ಟೆಕಿಚ್ಚು ಪಟ್ಟಿದ್ದಳು. ಬೇರೆಯವರದ್ದು ಕಂಡು. ತನ್ನದೇ ತನಗೆ ಸಿಗದೆ ಚೀಲಕ್ಕೆ ಸಿಕ್ಕಿದ್ದನ್ನು ಕಂಡದ್ದು ಇದೇ ಮೊದಲು. ಅದು ಕಿಚ್ಚಿನ ಹಾಗೆ ಇರಲಿಲ್ಲ. ಕಲ್ಲಿನ ಹಾಗೆ ಇತ್ತು.

"ಇವತ್ತೊಂದಿನ ಇಲ್ಲೇ ಇರ್ಲಿ" ಎಂದು ಹೇಳಿ ಹೆಗಡೇರು ಇಳಿದರು.

ನೀರು ಇಳಿಯಿತು. ಕೂಡುಮೂಲೆಯಲ್ಲಿ ಗೋಡೆಗಳು ಕರಗಿ ಗುಪ್ಪೆಯಾಗಿದ್ದವು. ಒಂದು ಬಿಸಿಲಿನ ಬೆಳಿಗ್ಗೆ ಹೆಗಡೇರು ಶೆಡ್ಡಿಗೆ ಬಂದರು. ಹೊನ್ನಿ ತಿಮ್ಮನ ಬೆರಳುಗಳಿಗೆ ಎಣ್ಣೆ ತಿಕ್ಕುತ್ತಿದ್ದಳು. ಆ ಬೆರಳುಗಳು ಅಂದಿನಿಂದ ಪೂರ್ತಿ ಬಿಡಿಸಿಕೊಂಡಿರಲಿಲ್ಲ. ತೊಲೆ ಹಿಡಿದ ಹಾಗೆಯೇ ಬಾಗಿದ್ದವು.

"ನೀರು ಇಳೀತಲ್ಲೇ ಹೊನ್ನಿ. ಇನ್ನು ಕೆಳಗೆ ಹೋಗಿ ಮನೆ ಸರಿ ಮಾಡ್ಕಳಿ. ಗಳ, ಸೋಗೆ ನಾ ಕೊಡ್ತೆ."

"ಹೋಗೂದಿಲ್ಲ" ಎಂದಳು ಹೊನ್ನಿ. ಬೆರಳು ತಿಕ್ಕುವುದನ್ನು ನಿಲ್ಲಿಸಲಿಲ್ಲ.

ಹೆಗಡೇರಿಗೆ ಸರಿಯಾಗಿ ಕೇಳಿಸಲಿಲ್ಲ ಎನ್ನಿಸಿತು. ಅವರ ಅಂಗಳದಲ್ಲಿ, ಅವರ ತಂದೆಯ ಅಂಗಳದಲ್ಲಿ, ಹೊನ್ನಿಯ ಬಾಯಿಂದ ಆ ಮಾತು ಎಂದೂ ಬಂದಿರಲಿಲ್ಲ.

"ಎಂತದು?"

"ಹೋಗೂದಿಲ್ಲ ಅಂದೆ."

"ಗೌರಿ ಇವತ್ತೋ ನಾಳೆಯೋ ಕರು ಹಾಕ್ತದೆ. ಅದಕ್ಕೆ ಜಾಗ ಬೇಕು."

"ಗೌರಿಯ ಇಳಿಸಿ. ಅದಕ್ಕೆ ಕಾಲು ಅದೆ. ನೀರು ಬಂದ್ರೆ ಹತ್ತಿ ಬತ್ತದೆ. ಇವಂಗೆ ಕಾಲಿಲ್ಲ. ಕಾಲು ನಿಮ್ಮ ಮರದ ಬುಡದಲ್ಲಿ ಅದೆ."

"ಇದು ಸೊಪ್ಪಿನ ಬೆಟ್ಟ ಮಾರಾಯ್ತಿ. ಇಲ್ಲಿ ಯಾರೂ ಮನೆ ಮಾಡೂ ಹಾಂಗಿಲ್ಲ. ಜಾಗ ಸರಕಾರದ್ದು, ಸೊಪ್ಪಿನ ಹಕ್ಕು ನಮ್ದು. ಫಾರೆಸ್ಟಿನವರು ಬಂದ್ರೆ ನಿನ್ನ ಒಳಗೆ ಹಾಕ್ತಾರೆ."

"ಒಳಗೆ ಸೋರ್ತದಾ?"

ಹೆಗಡೇರು ಮಾಡಿನ ತಗಡು ನೋಡಿದರು.

"ಸೊಪ್ಪು ನೀವೇ ತಗಳಿ" ಎಂದಳು ಹೊನ್ನಿ. ಅವಳ ದನಿ ಏರಲಿಲ್ಲ. "ನಾ ಮಲಗೂದು ನೆಲದ ಮೇಲೆ. ನಿಮ್ಮ ಮರಕ್ಕೆ ಒಂದು ಗುಡ್ಡ ಬೇಕು ಅಂದ್ರೆ ನಂಗೆ ಒಂದು ಮಗ್ಗುಲು ಬೇಕು. ಇಲ್ಲಿಂದ ಕಂಬ ಹೊತ್ಕಂಡು ಇಳಿದವಳು ನಾನೇ. ಆ ಕಂಬದ ಗುಂಡಿ ಆ ಮತ್ತಿ ಮರದ ಹತ್ರ ಇನ್ನೂ ಅದೆ. ನೋಡಿ ಬನ್ನಿ."

ಹೆಗಡೇರು ನೋಡಲು ಹೋಗಲಿಲ್ಲ. ಗೌರಿಯ ಹಗ್ಗ ಬಿಚ್ಚಿದರು. ಗೌರಿ ಅವರ ಜೊತೆ ಹೋಗಲು ಒಪ್ಪದೆ ಕಾಲು ಊರಿ ನಿಂತಿತು. ಜಗ್ಗಿ ಜಗ್ಗಿ ಒಯ್ಯಬೇಕಾಯಿತು. ಮರುದಿನ ಮುಂಡಗೋಡ ಕಡೆಯ ಆಳುಗಳು ಜೀಪಿನಲ್ಲಿ ಬಂದು ಚೀಲಗಳನ್ನೂ ಇಳಿಸಿದರು. ಇವರ ಜೊತೆ ಮಾಲು ಇಡುವುದು ಬೇಡ ಎಂದು ಹೆಗಡೇರಿಗೆ ಅನ್ನಿಸಿತ್ತು. ತಾಡಪಾಲು ಕೇಳಿದರು. ಹೊಸದನ್ನು ಹೊನ್ನಿ ಮಡಚಿ ಕೊಟ್ಟಳು. ಹಳೆಯದನ್ನು ಕೊಡಲಿಲ್ಲ.

ಅದೇ ಸಂಜೆ ಅವಳು ಮತ್ತಿ ಮರದ ಬುಡದಲ್ಲಿ ನಿಂತು ಕೆಳಗೆ ಒಂದು ಕೂ ಹಾಕಿದಳು. ಶಾಲೆಯ ಗಂಜಿ ಕೇಂದ್ರದ ಕಡೆಯಿಂದ ಒಂದು ಕೂ ಬಂತು, ಗಣಪನದ್ದು. ಆಮೇಲೆ ಇನ್ನೊಂದು. ಆಮೇಲೆ ಎಷ್ಟೋ. ಕತ್ತಲಾಗುವ ಮುಂಚೆ ಕೇರಿ ಬೆಟ್ಟ ಹತ್ತಿತು. ಕರಗಿದ ಮನೆಗಳಿಂದ ಹೆಕ್ಕಿ ತಂದ ಕಂಬ, ಬಾಗಿಲು, ಗಳ ಎಲ್ಲ ಹೆಗಲ ಮೇಲಿದ್ದವು. ಹಳೆಯ ಗುಂಡಿಗಳನ್ನು ಹುಡುಕಿ ಮಣ್ಣು ತೆಗೆದರು. ಕೆಲವು ಸಿಕ್ಕವು. ಸಿಗದ ಕಡೆ ಹೊಸದು ತೋಡಿದರು.

ಫಾರೆಸ್ಟಿನವರು ಬಂದರು, ಬೈದರು, ಫೋಟೋ ತೆಗೆದುಕೊಂಡು ಹೋದರು. ಹೆಗಡೇರು ತೋಟದ ಕೆಲಸಕ್ಕೆ ಕೇರಿಯವರನ್ನು ಕರೆಯುವುದು ಬಿಟ್ಟರು. ಹೆಂಗಸರು ಹೊಳೆ ದಾಟಿ ಯಲ್ಲಾಪುರದ ಕಡೆ ಕೂಲಿಗೆ ಹೋಗತೊಡಗಿದರು. ಹೊಟ್ಟೆ ಅರ್ಧ ತುಂಬುತ್ತಿತ್ತು. ಮೈ ಮಾತ್ರ ನೆನೆಯುತ್ತಿರಲಿಲ್ಲ.

ಮಳೆಗಾಲ ಮುಗಿಯುತ್ತ ಬಂದಿತ್ತು. ಅಷ್ಟರಲ್ಲಿ ಸಮುದ್ರದ ಮೇಲೆ ಮತ್ತೊಂದು ಸುತ್ತು ಎದ್ದಿತು. ಈ ಸಲ ಗಣಪನ ಫೋನಿಗೂ ಬಂತು. ಅವನು ಓದಿ ಹೇಳಿದ, ಎಲ್ಲರೂ ಕೇಳಿಸಿಕೊಂಡರು. ಮತ್ತೆ ಮೂರೂ ತಾಲೂಕಿನ ಮೇಲೆ ಒಂದೇ ಮೋಡ. ಘಟ್ಟದ ರಸ್ತೆಗೆ ಮಣ್ಣು ಕುಸಿದು ಹೊರಗಿನ ಆಳುಗಳ ಜೀಪು ಬರುವ ಹಾಗಿರಲಿಲ್ಲ. ಕೇರಿಯವರು ಈಗ ಹಳ್ಳದ ಮೇಲಿನ ಕಡೆ ನೋಡುವುದು ಬಿಟ್ಟು ಹೊಳೆಯ ಕಡೆ ನೋಡುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ನೀರು ಹಿಂದಕ್ಕೆ ತಿರುಗಿತು. ಬಿದಿರಿನ ಹಿಂಡಿನ ಬುಡ ಮುಳುಗಿತು. ಕೂಡುಮೂಲೆಯಲ್ಲಿ ಮುಳುಗಲು ಯಾರೂ ಇರಲಿಲ್ಲ.

ಮಳೆಯ ನಡುವೆ ದಾರಿಯಲ್ಲಿ ಸದ್ದಾಯಿತು. ಗೌರಿ. ಹರಿದ ಹಗ್ಗ ಎಳೆದುಕೊಂಡು, ಕೆಸರು ಮೆತ್ತಿಕೊಂಡು, ಕರುವನ್ನು ಮುಂದೆ ಬಿಟ್ಟುಕೊಂಡು ತಾನೇ ಹತ್ತಿ ಬಂದಿತ್ತು. ಶೆಡ್ಡಿನ ಬಾಗಿಲಲ್ಲಿ ನಿಂತು ಹೊನ್ನಿಯನ್ನು ನೋಡಿತು. ಹೊನ್ನಿ ಅದನ್ನು ನೋಡಿದಳು. ಎದ್ದು, ತಿಮ್ಮನ ಹಾಸಿಗೆಯನ್ನು ಸ್ವಲ್ಪ ಗೋಡೆಯ ಕಡೆ ಸರಿಸಿ, ಜಾಗ ಮಾಡಿದಳು.

ಆಗ ಗೋದಾಮಿನಿಂದ ಕೂ ಬಂತು. ಹೆಗಡೇರ ಕೂ. ಗೋದಾಮಿನಲ್ಲಿ ಚೀಲಗಳಿದ್ದವು, ಮಾಡಿನವರೆಗೆ. ಹೆಗಡೇರ ಮನೆ ಅಲ್ಲಿಂದ ಮೇಲಿದೆ, ಅವರ ಜೀವಕ್ಕೆ ಏನೂ ಆಗುವುದಿಲ್ಲ. ಅದು ಎಲ್ಲರಿಗೂ ಗೊತ್ತಿತ್ತು. ಆದರೂ ಗುಡಿಸಲುಗಳಿಂದ ಜನ ಹೊರಗೆ ಬಂದು ಹೊನ್ನಿಯ ಮುಖ ನೋಡಿದರು. ಹೆಂಗಸರ ಕೈ ತನ್ನಷ್ಟಕ್ಕೆ ಸಿಂಬೆಯ ಬಟ್ಟೆ ಹುಡುಕಿತು. ಅಷ್ಟು ವರ್ಷದ ಅಭ್ಯಾಸ.

ಕೂ ಮತ್ತೊಮ್ಮೆ ಬಂತು. ಉದ್ದವಾಗಿ.

"ಕೂಗ್ತಾ ಅವರೆ" ಎಂದ ಗಣಪ.

"ಕೂಗ್ಲಿ" ಎಂದ ತಿಮ್ಮ, ಒಳಗಿನಿಂದ. "ಜೀವ ಇದೆ ಅಂತ ಅರ್ಥ."

ಈ ಸಲ ಯಾರೂ ನಗಲಿಲ್ಲ.

ಹೊನ್ನಿ ಮತ್ತಿ ಮರದ ಹತ್ತಿರ ಹೋದಳು. ಎರಡೂ ಅಂಗೈ ಬಾಯಿಗೆ ಹಿಡಿದು ಒಂದು ಕೂ ಕೊಟ್ಟಳು. ಇದ್ದೇನೆ. ಕೇಳಿಸಿತು. ಮೂರನೆಯ ಮಾತು ಅದರಲ್ಲಿ ಇದೆಯೋ ಇಲ್ಲವೋ ಕೇಳಿಸಿಕೊಂಡವರಿಗೆ ಬಿಟ್ಟದ್ದು. ಒಳಗೆ ಬಂದು ತಿಮ್ಮನ ಪಕ್ಕ ಕೂತಳು. ಅವನ ಬಲಗೈಯನ್ನು ಮಡಿಲಿಗೆ ಎಳೆದುಕೊಂಡು, ಬಾಗಿದ ಕಿರುಬೆರಳಿಗೆ ಎಣ್ಣೆ ಹಚ್ಚಿ ಮೆಲ್ಲಗೆ ಬಿಡಿಸತೊಡಗಿದಳು.

ಕೆಳಗಿನಿಂದ ಮತ್ತೆ ಕೂ ಬಂತು.

ಅವಳು ಮುಂದಿನ ಬೆರಳು ಹಿಡಿದಳು.